ನೋವಿಗೆ ಹತ್ತಕ್ಕೆ ಎಷ್ಟು?

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ದೇವರು ಕುರ್ಚಿ ಮೇಸ್ತ್ರಿಗಳ ವಿಷಯದಲ್ಲಿ ಸ್ವಲ್ಪ ಕೆಳಕ್ಕಿಳಿಸಿ ಜಾರಿಗೆ ತಂದಿದ್ದ. ಅಂಗಡಿಯ ತುಂಬ ಕುರ್ಚಿಗಳು. ತೋಳಿದ್ದವು, ತೋಳಿಲ್ಲದವು, ತೂಗುವವು, ಬೆತ್ತ ಹೆಣೆದವು, ಸ್ಪಂಜು ತುಂಬಿದವು. ಕೂರುವ ಯೋಗ ಮಾತ್ರ ಮೇಸ್ತ್ರಿಗಳಿಗೆ ಇರಲಿಲ್ಲ.

ಮೂವತ್ತೆಂಟು ವರ್ಷಗಳಿಂದ ಅವರದೊಂದು ಪದ್ಧತಿ. ಕುರ್ಚಿ ಮುಗಿದ ಮೇಲೆ ಮೊದಲು ತಾವೇ ಅದರಲ್ಲಿ ಕೂತು, ಕಣ್ಣು ಮುಚ್ಚಿ, ನೂರರವರೆಗೆ ಎಣಿಸುವುದು. ಅಷ್ಟರೊಳಗೆ ಎಲ್ಲಾದರೂ 'ಕಿರ್' ಎಂದಿತೋ, ಕಾಲು ಬಿಚ್ಚಿ ಮತ್ತೆ ಮೊದಲಿನಿಂದ ಕೆಲಸ. ಆದರೆ ಈಗ ಏಳು ತಿಂಗಳಿಂದ ಅವರ ಎಣಿಕೆ ಆರಕ್ಕೇ ನಿಂತುಬಿಡುತ್ತಿತ್ತು. ಏಳು ಎನ್ನುವಷ್ಟರಲ್ಲಿ ಹೊಕ್ಕುಳಿಗಿಂತ ಕೆಳಗೆ, ತೊಡೆಗಿಂತ ಮೇಲೆ, ಮುಂದಕ್ಕೂ ಅಲ್ಲ, ಹಿಂದಕ್ಕೂ ಅಲ್ಲ, ಇಂಥದೇ ಜಾಗ ಎಂದು ಹೇಳಲು ನಾಲಿಗೆ ಹೊರಳದ ಒಂದು ಜಾಗದಲ್ಲಿ ಯಾರೋ ಸ್ಕ್ರೂ ಬಿಗಿದಂತಾಗಿ ಅವರು ಎದ್ದು ನಿಲ್ಲುತ್ತಿದ್ದರು. ಕುರ್ಚಿ 'ಕಿರ್' ಎನ್ನುತ್ತಿರಲಿಲ್ಲ. ಮೇಸ್ತ್ರಿಗಳು ಎನ್ನುತ್ತಿದ್ದರು.

ಗಿರಾಕಿಗಳಿಗೆ ಅನುಮಾನ ಶುರುವಾಯಿತು. "ಏನ್ ಮೇಸ್ತ್ರಿಗಳೇ, ನೀವು ಮಾಡಿದ ಕುರ್ಚೀಲಿ ನೀವೇ ಕೂರಲ್ವಲ್ಲ?" ಎಂದು ಒಬ್ಬರು ಕೇಳಿಯೇ ಬಿಟ್ಟರು. (ಊಟವನ್ನು ತಾನೇ ಮುಟ್ಟದ ಅಡುಗೆಯವನನ್ನು ಯಾರು ನಂಬುತ್ತಾರೆ?) ಮೇಸ್ತ್ರಿಗಳು "ಸೊಂಟ" ಎಂದರು. ಮನೆಯಲ್ಲೂ ಸೊಂಟ ಎಂದೇ ಹೇಳಿದ್ದರು. ಹಾಗಾಗಿ ಏಳು ತಿಂಗಳು ಹೆಂಡತಿ ಅವರ ಸೊಂಟಕ್ಕೆ ಮುಲಾಮು ತಿಕ್ಕಿದರು. ಏನೂ ಪಾಪ ಮಾಡದ ಸೊಂಟ, ಬೆಂಕಿ ಹತ್ತಿದ ಹಾಗೆ ಉರಿಯಿತು. ತಪ್ಪು ಮಾಡಿದ ಜಾಗ ಆರಾಮಾಗಿ ತನ್ನ ಕೆಲಸ ಮುಂದುವರಿಸಿತು.

ಹೆಂಡತಿ ಎಂದರೆ ಬೀದಿಗೆಲ್ಲ 'ಲೆಕ್ಕದ ಮೇಡಂ'. ಒಂದೇ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಲೆಕ್ಕ ಕಲಿಸಿದವರು. ಅವರೆದುರು ಅರ್ಧ ಉತ್ತರ ನಡೆಯುವುದಿಲ್ಲ. ಒಂದು ಸಂಜೆ ಮುಲಾಮಿನ ಡಬ್ಬಿಯನ್ನು ಟಪ್ಪೆಂದು ಮುಚ್ಚಿ ಕೇಳಿದರು:

"ರೀ, ನಿಜ ಹೇಳಿ. ಎಲ್ಲಿ ನೋವು?"

"ಅಲ್ಲೇ."

"ಅಲ್ಲೇ ಅಂದ್ರೆ?"

"ಅಲ್ಲೇ ಕಣೇ... ಸುತ್ತಮುತ್ತ."

"ಯಾವುದರ ಸುತ್ತಮುತ್ತ?"

ಮೇಸ್ತ್ರಿಗಳು ಮೊದಲು ಕಿಟಕಿ ಮುಚ್ಚಿದರು. ಆಮೇಲೆ ಬಾಗಿಲು. ಆಮೇಲೆ ಫ್ಯಾನಿನ ಸದ್ದು ಜೋರು ಮಾಡಿ ಹೆಂಡತಿಯ ಕಿವಿಯಲ್ಲಿ ಹೇಳಿದರು. ಮೇಡಂ ಕೇಳಿ, "ಇಷ್ಟೇನಾ? ಇದನ್ನ ಹೇಳೋಕೆ ಏಳು ತಿಂಗಳು ಬೇಕಾಯ್ತಾ?" ಎಂದರು. ಫ್ಯಾನನ್ನೂ ಮೀರಿಸುವ ದನಿಯಲ್ಲಿ.

"ಮೆಲ್ಲಗೆ ಕಣೇ! ಬಾಯಿ ಬಿಟ್ಟರೆ ಬಣ್ಣಗೇಡು."

"ಬಣ್ಣಗೇಡೂ ಇಲ್ಲ, ಸುಣ್ಣಗೇಡೂ ಇಲ್ಲ. ನಾಳೆ ಡಾಕ್ಟರ ಹತ್ತಿರ ಹೋಗ್ತೀರಿ. ನಾಲ್ಕು ತಿಂಗಳಿಗೆ ನನ್ನ ನಿವೃತ್ತಿ. ಬೀಳ್ಕೊಡುಗೆ ಸಮಾರಂಭ ಇದೆ. ಇಷ್ಟು ವರ್ಷದಲ್ಲಿ ನನ್ನ ಶಾಲೆಯ ಒಂದು ಕಾರ್ಯಕ್ರಮಕ್ಕಾದರೂ ಬಂದಿದ್ದೀರಾ? ಕುರ್ಚಿ ಕಳಿಸ್ತಿದ್ರಿ, ನೀವು ಬರ್ತಿರಲಿಲ್ಲ. ಅವತ್ತು ವೇದಿಕೆ ಮೇಲೆ ನನ್ನ ಪಕ್ಕದಲ್ಲಿ ನೀವು ಕೂತಿರಬೇಕು. ಮೂರು ಗಂಟೆ."

ಈ ಮಾತು ಮೇಸ್ತ್ರಿಗಳಿಗೆ ನಾಟಿತು. ನಿಜವಾಗಿಯೂ ಅವರು ಒಂದಕ್ಕೂ ಹೋಗಿರಲಿಲ್ಲ. ಕೆಲಸ, ಅರ್ಜೆಂಟು ಆರ್ಡರು, ವಾರ್ನಿಷ್ ಒಣಗಿಲ್ಲ, ಹೀಗೆ ಪ್ರತಿ ಸಲವೂ ಒಂದು ನೆಪ. ಪಕ್ಕದ ಖಾಲಿ ಕುರ್ಚಿಯನ್ನು ನೋಡಿಕೊಂಡು ಈಕೆ ಎಷ್ಟು ಸಲ ಬಹುಮಾನ ಹಂಚಿರಬಹುದು ಎಂದು ನೆನೆದು ಅವರಿಗೆ ಸಂಕಟವಾಯಿತು. ಸಂಕಟದ ಹಿಂದೆಯೇ ಇನ್ನೊಂದು ಲೆಕ್ಕವೂ ಬಂತು: ಆರು ಎಣಿಸುವವರೆಗೆ ಕೂರಬಲ್ಲವನು ಮೂರು ಗಂಟೆ ಕೂರುವುದು ಹೇಗೆ?

ಮೂತ್ರರೋಗ ತಜ್ಞರ ಬೋರ್ಡಿನಲ್ಲಿ ಮೊದಲ ಎರಡು ಅಕ್ಷರಗಳೇ ಎಲ್ಲಕ್ಕಿಂತ ದೊಡ್ಡವಾಗಿದ್ದವು. ಮೇಸ್ತ್ರಿಗಳು ರಸ್ತೆಯ ಎರಡೂ ತುದಿ ನೋಡಿ, ಮುಖಕ್ಕೆ ಪತ್ರಿಕೆ ಹಿಡಿದು, ಒಳಗೆ ನುಗ್ಗಿದರು. (ಒಳಗಿದ್ದ ಐದು ಜನರೂ ಮುಖಕ್ಕೆ ಪತ್ರಿಕೆ ಹಿಡಿದಿದ್ದರು. ಆ ಊರಿನಲ್ಲಿ ಅಷ್ಟು ಶ್ರದ್ಧೆಯಿಂದ ಪತ್ರಿಕೆ ಓದುವ ಜಾಗ ಇನ್ನೊಂದಿಲ್ಲ.) ಹೆಂಡತಿ ಬರುತ್ತೇನೆಂದರೂ, "ನೀನು ಬಂದರೆ ನಾನು ಬಾಯೇ ಬಿಡಲ್ಲ" ಎಂದು ಮನೆಯಲ್ಲೇ ಬಿಟ್ಟು ಬಂದಿದ್ದರು.

ಡಾಕ್ಟರು ಒಳ್ಳೆಯವರು. ಎಲ್ಲ ಪರೀಕ್ಷೆ ಮಾಡಿಸಿ ಹೇಳಿದರು: "ಕ್ರಿಮಿ ಇಲ್ಲ, ಕಲ್ಲಿಲ್ಲ, ಹೆದರೋ ಅಂಥದ್ದು ಯಾವುದೂ ಇಲ್ಲ. ಆದ್ರೆ ನೋವು ನಿಜ. ತುಂಬ ಗಂಡಸರಿಗೆ ಇರುತ್ತೆ, ಯಾರೂ ಹೇಳಲ್ಲ."

ನೋವು ನಿಜ ಎಂದು ಒಬ್ಬರಾದರೂ ಒಪ್ಪಿದರಲ್ಲ ಎಂದು ಮೇಸ್ತ್ರಿಗಳಿಗೆ ಕಣ್ಣು ತುಂಬಿ ಬಂತು. "ಒಂದು ಆಂಟಿಬಯಾಟಿಕ್ ಬರೆದುಕೊಡಿ ಡಾಕ್ಟ್ರೇ, ಬೇಗ ಮುಗಿಸಿಬಿಡೋಣ" ಎಂದರು.

"ಕ್ರಿಮಿಯೇ ಇಲ್ಲದ ಮೇಲೆ ಅದು ಹೋಗಿ ಯಾರ ಹತ್ತಿರ ಜಗಳ ಆಡಬೇಕು? ಇದಕ್ಕೆ ಒಂದೇ ಮಾತ್ರೆ ಅಂತ ಇಲ್ಲ ಮೇಸ್ತ್ರಿಗಳೇ. ಮೂತ್ರಕೋಶದ ಕೆಳಗಿರೋ ಗ್ರಂಥಿಯ ಸುತ್ತ ಬಿಗಿ ಸಡಿಲ ಮಾಡೋದು ಒಂದಿದೆ. ಉರಿ-ಊತಕ್ಕೆ ಒಂದಿದೆ. ನರದ ನೋವಿಗೆ ಒಂದಿದೆ. ಒಬ್ಬರಿಗೆ ಒಂದು ಹಿಡಿಯುತ್ತೆ, ಇನ್ನೊಬ್ಬರಿಗೆ ಇನ್ನೊಂದು. ಒಂದೊಂದಾಗಿ ನೋಡೋಣ. ಜೊತೆಗೆ ವ್ಯಾಯಾಮ. ನೀವು ಮಾಡಬೇಕಾದ್ದು ಇಷ್ಟೇ: ದಿನಾ ಒಂದು ಪುಸ್ತಕದಲ್ಲಿ ನೋವಿಗೆ ಹತ್ತಕ್ಕೆ ಎಷ್ಟು ಅಂತ ಬರ್ಕೊಂಡು ಬನ್ನಿ. ಕತೆ ಬೇಡ, ಬರೀ ಸಂಖ್ಯೆ ಸಾಕು. ಸೊನ್ನೆ ಅಂದ್ರೆ..."

ಅಷ್ಟರಲ್ಲಿ ನರ್ಸಮ್ಮ ಒಳಗೆ ಬಂದರು. ಹೆಂಗಸು ಬಂದ ಕೂಡಲೇ ಮೇಸ್ತ್ರಿಗಳ ಮುಖ ಕೆಂಪಾಗಿ ಕಿವಿ ಮುಚ್ಚಿಹೋಯಿತು. ಸೊನ್ನೆ ಅಂದರೇನು, ಹತ್ತು ಅಂದರೇನು, ಒಂದೂ ಕೇಳಿಸಲಿಲ್ಲ. "ಹ್ಞೂಂ, ಹ್ಞೂಂ" ಎಂದು ತಲೆಯಾಡಿಸಿ ಎದ್ದು ಬಂದರು.

"ದಿನಾ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕ್ಕೊಂಡು ಹೋಗಬೇಕಂತೆ" ಎಂದು ಮನೆಯಲ್ಲಿ ಹೇಳಿದರು.

ಮೇಡಂ ಮುಖ ಅರಳಿತು. "ಅಂಕ ತಾನೇ? ನನಗೆ ಬಿಡಿ."

ಹೊಸ ಪುಸ್ತಕಕ್ಕೆ ಕಂದು ಬಣ್ಣದ ರಟ್ಟು ಹಾಕಿ, ಗೀಟು ಎಳೆದು, ಕೆಂಪು ಪೆನ್ನು ಹಿಡಿದು ಕೂತರು. ಮೊದಲ ದಿನ ಮೇಸ್ತ್ರಿಗಳು ಗೋಡೆ ಹಿಡಿದುಕೊಂಡು ನಡೆದರು, ಅಂಕ ಎರಡು. ಮರುದಿನ ನಿಂತೇ ಊಟ ಮಾಡಿದರು, ಎರಡೂವರೆ. (ಅರ್ಧ ಅಂಕ ತಟ್ಟೆ ಬೀಳಿಸದೆ ಉಂಡಿದ್ದಕ್ಕೆ.) "ಇನ್ನೊಂದರ್ಧ ಕೊಡೇ" ಎಂದು ಮೇಸ್ತ್ರಿಗಳು ಗೋಗರೆದರೆ, "ಹಾಗೆಲ್ಲ ಕೇಳಿ ತಗೊಳ್ಳೋಕೆ ಇದೇನು ತರಕಾರಿಗೆ ಕೊಸರಾ?" ಎಂದು ಗದರಿಸುತ್ತಿದ್ದರು. ಓದುವ ನಿಮಗೆ ಇಷ್ಟರಲ್ಲೇ ಏನೋ ಹೊಳೆದಿರಬಹುದು. ಹೊಳೆದಿದ್ದರೆ ದಯವಿಟ್ಟು ಸುಮ್ಮನಿರಿ. ಮೇಸ್ತ್ರಿಗಳಿಗೆ ಇನ್ನೂ ಎರಡೂವರೆ ತಿಂಗಳು ಹೊಳೆಯುವುದಿಲ್ಲ.

ಮೊದಲನೆಯದು ಬಿಗಿ ಸಡಿಲ ಮಾಡುವ ಮಾತ್ರೆ. "ಕೂತಲ್ಲಿಂದ ತಟ್ಟನೆ ಏಳಬೇಡಿ, ತಲೆ ಸುತ್ತಬಹುದು" ಎಂದು ಡಾಕ್ಟರು ಎಚ್ಚರಿಸಿದ್ದರು. ಕೂರುವುದೇ ಇಲ್ಲದವನಿಗೆ ಏಳುವ ಭಯವೇನು ಎಂದು ಮೇಸ್ತ್ರಿಗಳು ಉಡಾಫೆ ಮಾಡಿದರು. ಆದರೆ ಬಗ್ಗಿ ಉಜ್ಜುಗೊರಡು ಎತ್ತಿಕೊಂಡು ಸರ್ರನೆ ಎದ್ದವರಿಗೆ ಅಂಗಡಿ ಒಂದು ಸುತ್ತು ತಿರುಗಿತು. ಎದುರಿಗಿದ್ದ ಗಿರಾಕಿಯನ್ನು ಗಟ್ಟಿಯಾಗಿ ಅಪ್ಪಿಕೊಂಡುಬಿಟ್ಟರು. ಈ ಆತ್ಮೀಯತೆಗೆ ಕರಗಿದ ಗಿರಾಕಿ ಎರಡು ಸ್ಟೂಲು ಹೆಚ್ಚಿಗೆ ತೆಗೆದುಕೊಂಡು ಹೋದರು. ನೋವು ಮಾತ್ರ ಇದ್ದಲ್ಲೇ ಇತ್ತು. ಅಂಕವೂ ಎರಡರಲ್ಲೇ ಇತ್ತು.

ಡಾಕ್ಟರು ಪುಸ್ತಕ ನೋಡಿ ಹಿಗ್ಗಿದರು. "ಭೇಷ್! ಇದನ್ನ ಬಿಡಲೇಬೇಡಿ. ಜೊತೆಗೆ ಇನ್ನೊಂದು ಕೊಡ್ತೀನಿ, ಈ ಎರಡೂ ಹೋಗಲಿ. ಹೇಗಿದೀರಿ?"

"ಪರವಾಗಿಲ್ಲ ಡಾಕ್ಟ್ರೇ."

ಮೇಸ್ತ್ರಿಗಳ ಬಾಯಲ್ಲಿ ಬೇರೆ ಉತ್ತರ ಬರುತ್ತಿರಲಿಲ್ಲ. ಹೇಗಿದ್ದೀರಿ ಎಂದು ಕೇಳಿದವರಿಗೆ ಹೇಗಿದ್ದೇವೆಂದು ಹೇಳುವುದು ಅವರ ವಂಶದಲ್ಲೇ ಇಲ್ಲ. ಅವರ ತಂದೆ ಮಾಳಿಗೆಯಿಂದ ಬಿದ್ದು ಎರಡು ಎಲುಬು ಮುರಿದುಕೊಂಡು ಮಲಗಿದ್ದಾಗಲೂ ನೋಡಲು ಬಂದವರಿಗೆ ಪರವಾಗಿಲ್ಲ ಎಂದೇ ಹೇಳಿದ್ದರು.

ಎರಡನೆಯದು ಉರಿ-ಊತದ ಮಾತ್ರೆ, ಊಟ ಆದ ಮೇಲೆ. ಹೊಟ್ಟೆ ಸ್ವಲ್ಪ ಉರಿದರೂ ನೋವು ಒಂದಿಷ್ಟು ತಗ್ಗಿತು. ಮೇಸ್ತ್ರಿಗಳು ಇಪ್ಪತ್ತು ಎಣಿಸುವವರೆಗೆ ಕೂತರು. ಮೇಡಂ ನಾಲ್ಕು ಕೊಟ್ಟರು. ಡಾಕ್ಟರು ಹುಬ್ಬು ಗಂಟಿಕ್ಕಿ, "ಛೆ, ನಾಲ್ಕಕ್ಕೆ ಹೋಯ್ತಲ್ಲ. ಇದು ಬೇಡ" ಎಂದು ಹೊಡೆದು ಹಾಕಿದರು. ನಾಲ್ಕು ಎಂದರೆ ಪಾಸೇ ತಾನೇ, ಇವರಿಗೇಕೆ ಇಷ್ಟು ಆಸೆ ಎಂದುಕೊಂಡರು ಮೇಸ್ತ್ರಿಗಳು. ದೊಡ್ಡ ಡಾಕ್ಟರು, ಮೊದಲ ದರ್ಜೆಗಿಂತ ಕೆಳಗೆ ಒಪ್ಪುವುದಿಲ್ಲವೇನೋ.

ಮೂರನೆಯದು ನರದ ನೋವಿನ ಮಾತ್ರೆ, ಮಲಗುವಾಗ ಒಂದು, ಬಲು ಚಿಕ್ಕದು. ಬೆಳಿಗ್ಗೆ ಬಾಯಿ ಒಣಗಿ ನಾಲಿಗೆ ಮರಳುಕಾಗದವಾಗುತ್ತಿತ್ತು, ಹತ್ತು ಗಂಟೆಯವರೆಗೆ ಕಣ್ಣೆಳೆಯುತ್ತಿತ್ತು. ಎರಡು ವಾರ ಏನೂ ಆಗಲಿಲ್ಲ. ಇತ್ತ ಮೇಡಂ ಬೆಳಗ್ಗೆ ಸಂಜೆ ಚಾಪೆ ಹಾಸಿ, "ಮೊಣಕಾಲು ಎದೆಗೆ! ಉಸಿರು ಹೊಟ್ಟೆಗೆ! ಬಿಗಿ ಹಿಡೀಬೇಡಿ, ಸಡಿಲ ಬಿಡಿ!" ಎಂದು ಮಗ್ಗಿ ಹೇಳಿಸುವ ಧಾಟಿಯಲ್ಲಿ ವ್ಯಾಯಾಮ ಮಾಡಿಸುತ್ತಿದ್ದರು. ಅಂಥ ದನಿಗೆ ಸಡಿಲವಾಗುವ ಸ್ನಾಯು ಯಾವ ಗಂಡನಲ್ಲೂ ಇಲ್ಲ. ಆದರೂ ಮೂರನೇ ವಾರ ಒಂದು ಮಧ್ಯಾಹ್ನ, ಹೊಸದಾಗಿ ಬೆತ್ತ ಹೆಣೆದ ಕುರ್ಚಿಯಲ್ಲಿ ಕೂತ ಮೇಸ್ತ್ರಿಗಳು ಆರು ದಾಟಿದರು, ಇಪ್ಪತ್ತು ದಾಟಿದರು, ನೂರು ಮುಟ್ಟಿ, ಮರೆತು ನೂರಿಪ್ಪತ್ತಕ್ಕೆ ಹೋದರು. ಕಣ್ಣು ಬಿಟ್ಟಾಗ ಅವರಿಗೆ ಅಳು ಬಂದಿತ್ತು. ಅಂಗಡಿಗೆ ಬೀಗ ಹಾಕಿ, ಮನೆಗೆ ಓಡಿ, ಅಡುಗೆಮನೆಯ ಸ್ಟೂಲಿನ ಮೇಲೆ ಹೆಂಡತಿಯ ಕಣ್ಣೆದುರೇ ಕೂತು ತೋರಿಸಿದರು.

ಮೇಡಂ ಆ ವಾರ ಏಳು ಕೊಟ್ಟರು, ಎಂಟು ಕೊಟ್ಟರು, ಕೊನೆಗೆ ಒಂದು ದಿನ ಒಂಬತ್ತು ಕೊಟ್ಟೇಬಿಟ್ಟರು. ಮೂವತ್ತನಾಲ್ಕು ವರ್ಷದಲ್ಲಿ ಅವರ ಕೈಯಿಂದ ಒಂಬತ್ತು ಗಿಟ್ಟಿಸಿದವರು ನಾಲ್ಕೇ ಜನ. ಮೇಸ್ತ್ರಿಗಳು ಐದನೆಯವರು.

ಪುಸ್ತಕ ನೋಡಿದ ಡಾಕ್ಟರ ಮುಖದಲ್ಲಿ ರಕ್ತ ಇಳಿದುಹೋಯಿತು.

"ಒಂಬತ್ತಾ!"

"ಹೌದು ಡಾಕ್ಟ್ರೇ" ಎಂದರು ಮೇಸ್ತ್ರಿಗಳು, ನಾಚಿಕೊಂಡು.

"ಒಂಬತ್ತು ಇಟ್ಕೊಂಡು ನಗ್ತಾ ಇದೀರಲ್ಲ! ನಿಮ್ಮ ಧೈರ್ಯ ದೊಡ್ಡದು. ಬೇರೆಯವರಾಗಿದ್ರೆ ನೆಲದ ಮೇಲೆ ಹೊರಳಾಡ್ತಿದ್ರು. ಈ ಮಾತ್ರೇನ ಒಂದು ವಾರದಲ್ಲಿ ಮೆಲ್ಲಗೆ ನಿಲ್ಲಿಸಿಬಿಡಿ. ಮೊದಲನೇದು ನಿಮಗೆ ಸರಿಹೋಗಿತ್ತು, ಅದೊಂದೇ ಸಾಕು."

ಹೊರಳಾಡುವುದು ಏಕೆ ಎಂದು ಮೇಸ್ತ್ರಿಗಳಿಗೆ ತಿಳಿಯಲಿಲ್ಲ. ಸಂತೋಷಕ್ಕೆ ಇರಬಹುದು ಎಂದುಕೊಂಡರು. ಮಾತ್ರೆ ನಿಂತಿತು. ಹತ್ತು ದಿನದಲ್ಲಿ ಸ್ಕ್ರೂ ಬಿಗಿಯುವವನು ರಜೆ ಮುಗಿಸಿ ಕೆಲಸಕ್ಕೆ ಬಂದ. ಎಣಿಕೆ ಮತ್ತೆ ಆರಕ್ಕೆ ಬಂತು, ಅಂಕ ಎರಡಕ್ಕೆ ಬಂತು, ಡಾಕ್ಟರಿಗೆ ನಗು ಬಂತು.

"ನೋಡಿದ್ರಾ, ಎರಡಕ್ಕೆ ಇಳಿಸಿಬಿಟ್ಟೆವು!"

ಅಂದು ಮನೆಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ ಗಂಡನನ್ನು ಮೇಡಂ ನೋಡಿದರು. ಸಮಾರಂಭಕ್ಕೆ ಉಳಿದದ್ದು ಐದು ವಾರ. ಚೀಲಕ್ಕೆ ಪುಸ್ತಕ ಹಾಕಿಕೊಂಡು, "ನಡೀರಿ" ಎಂದರು. ಮೇಸ್ತ್ರಿಗಳು ಬೇಡವೆಂದು ಎಷ್ಟು ಅಂಗಲಾಚಿದರೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಪತ್ರಿಕೆ ಹಿಡಿದವರನ್ನೆಲ್ಲ ದಾಟಿ ನೇರವಾಗಿ ಒಳಗೆ ನುಗ್ಗಿದರು.

"ಏನ್ ಡಾಕ್ಟ್ರೇ ಇದು ನ್ಯಾಯ? ಒಂಬತ್ತು ತಗೊಂಡ ಮಾತ್ರೇನ ಶಾಲೆ ಬಿಡಿಸಿದ್ದೀರಿ, ಎರಡು ತಗೊಂಡಿದ್ದನ್ನ ಮುಂದಿನ ತರಗತಿಗೆ ಹಾಕಿದ್ದೀರಿ!"

"ಮೇಡಂ, ಒಂಬತ್ತು ಅಂದ್ರೆ ತಡೆಯೋಕೇ ಆಗದ ನೋವಲ್ವಾ?"

"ಯಾರು ಹೇಳಿದ್ದು? ಒಂಬತ್ತು ಅಂದ್ರೆ ಅತ್ಯುತ್ತಮ!"

"ನಾನು ಕೇಳಿದ್ದು ನೋವಿಗೆ ಅಂಕ."

"ನೋವೇನು ಪರೀಕ್ಷೆ ಬರೆದಿದೆಯಾ? ಬರೆದವರು ನಮ್ಮನೆಯವರು. ಅಂಕ ಅವರಿಗೆ. ಯಾವ ಶಾಲೇಲಿ ಸ್ವಾಮಿ ಹತ್ತು ಬಂದವರು ಫೇಲು?"

ಡಾಕ್ಟರು ಪುಸ್ತಕವನ್ನು ಮೊದಲಿನಿಂದ ತಿರುವಿದರು. ಅವರ ಬೆರಳು ಒಂಬತ್ತರ ಮೇಲೆ ಬಂದು ನಿಂತಿತು. ಆಮೇಲೆ ಇಬ್ಬರೂ ಒಟ್ಟಿಗೇ ಮೇಸ್ತ್ರಿಗಳ ಕಡೆ ತಿರುಗಿದರು.

"ಪ್ರತಿ ಸಲ ಹೇಗಿದೀರಿ ಅಂತ ಕೇಳಿದೆನಲ್ಲ ಮೇಸ್ತ್ರಿಗಳೇ?"

"ಪರವಾಗಿಲ್ಲ ಅಂದೆ."

"ನೋವಿದ್ದಾಗಲೂ?"

"ಕೇಳಿದಾಗ ಹಾಗೆ ಅನ್ನೋದಲ್ವಾ ಡಾಕ್ಟ್ರೇ?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಪ್ಪು ನನ್ನದೂ ಇದೆ. ಸಂಖ್ಯೆ ನೋಡಿದೆ, ಮನುಷ್ಯನ್ನ ನೋಡಲಿಲ್ಲ" ಎಂದರು. ಮೂರನೆಯ ಮಾತ್ರೆಯನ್ನು ಮತ್ತೆ ಬರೆದುಕೊಟ್ಟರು, ಮೊದಲನೆಯದನ್ನು ನಿಲ್ಲಿಸಿದರು, ವ್ಯಾಯಾಮ ಬಿಡಬೇಡಿ ಎಂದರು. ಹಿಡಿಯಲು ಎರಡು ಮೂರು ವಾರ ಬೇಕು. ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ, ಆದರೆ ಕೂರಬಹುದು ಎಂದೂ ಹೇಳಿದರು.

ಮನೆ ಬಾಗಿಲಲ್ಲಿ ಮೇಡಂ, "ನನ್ನ ಕೆಂಪು ಪೆನ್ನಿಂದ ನೀವು ಇಷ್ಟು ದಿನ ನರಳಿದ್ರಿ ರೀ" ಎಂದರು. ಮೂವತ್ತಾರು ವರ್ಷದ ಸಂಸಾರದಲ್ಲಿ ಹೆಂಡತಿ ತಪ್ಪು ಒಪ್ಪಿಕೊಂಡದ್ದನ್ನು ಮೇಸ್ತ್ರಿಗಳು ಮೊದಲ ಸಲ ಕಂಡರು. ಖುಷಿಪಡಬೇಕಾದ ಹೊತ್ತಿನಲ್ಲಿ ಅವರೇ ಸಮಾಧಾನ ಮಾಡಲು ಹೊರಟರು.

"ಪರವಾಗಿ..."

"ಆ ಮಾತು ಇನ್ನೊಂದು ಸಲ ಬಂತೋ, ನೋಡಿ!"

"ಆಯ್ತು ಕಣೇ. ಒಂದೇ ಕೇಳ್ಕೋತೀನಿ. ಈ ವಿಷಯ ನಮ್ಮಿಬ್ಬರಲ್ಲೇ ಇರಲಿ."

ಮೇಡಂ ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎನ್ನಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ಮೇಸ್ತ್ರಿಗಳು ನೆಮ್ಮದಿಯಿಂದ ಒಳಗೆ ಹೋದರು.

ಸಮಾರಂಭದ ದಿನ ಶಾಲೆಯ ಸಭಾಂಗಣದಲ್ಲಿ ಹಳೆಯ ವಿದ್ಯಾರ್ಥಿಗಳು, ತಂದೆತಾಯಂದಿರು, ಬೀದಿಯವರು ಎಲ್ಲ ಸೇರಿ ನಾನ್ನೂರು ಜನ. ವೇದಿಕೆಯ ಮೇಲೆ ಮೇಡಂ ಪಕ್ಕದಲ್ಲಿ, ತಾವೇ ಹೆಣೆದ ಬೆತ್ತದ ಕುರ್ಚಿಯಲ್ಲಿ ಮೇಸ್ತ್ರಿಗಳು ಕೂತರು. ಮುಖ್ಯೋಪಾಧ್ಯಾಯರ ಭಾಷಣ ನಲವತ್ತೈದು ನಿಮಿಷ, ಕೂತರು. ಡ್ರಿಲ್ ಮೇಷ್ಟರ ಭಾಷಣ ಅರ್ಧ ಗಂಟೆ, ಕೂತರು. ಒಳಗೆ ಎಲ್ಲೋ ಸಣ್ಣಗೆ ಚುಳುಕ್ ಎನ್ನುತ್ತಿತ್ತು, ಅಷ್ಟೇ. ಪಕ್ಕದಲ್ಲಿ ಹೆಂಡತಿ ಆಗಾಗ ತಿರುಗಿ ಅವರನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಈ ಕುರ್ಚಿಯನ್ನು ಖಾಲಿ ಬಿಟ್ಟು ತಾವೆಂಥ ಮೂರ್ಖತನ ಮಾಡಿದೆವೆಂದು ಮೇಸ್ತ್ರಿಗಳಿಗೆ ಅನ್ನಿಸಿತು.

ಕೊನೆಗೆ ಮೇಡಂ ಮಾತಿಗೆ ಎದ್ದರು.

"ಮೂವತ್ತನಾಲ್ಕು ವರ್ಷ ಅಂಕ ಹಾಕಿದ್ದೀನಿ. ಒಂದೇ ಒಂದು ಸಲ ತಪ್ಪು ಹಾಕಿದೆ. ಅದನ್ನ ಹೇಳದೆ ಹೋದರೆ ನನಗೆ ನಿದ್ದೆ ಬರಲ್ಲ."

ಮೇಸ್ತ್ರಿಗಳ ಬೆನ್ನು ನೆಟ್ಟಗಾಯಿತು.

"ಆ ವಿದ್ಯಾರ್ಥಿ ಇಲ್ಲೇ ಕೂತಿದ್ದಾರೆ" ಎಂದು ಮೇಡಂ ಬೆರಳು ತೋರಿಸಿದರು. ನಾನ್ನೂರು ಜನ ನೋಡಿದರು. "ಇವರಿಗೆ ಒಂದು ನೋವಿತ್ತು. ಎಲ್ಲಿ ಅಂತ ಹೇಳೋಕೆ ನಾಚಿಕೆಪಟ್ಟು ಏಳು ತಿಂಗಳು ಸೊಂಟ ಅಂದ್ರು. ಸೊಂಟ ಅಲ್ಲ." ಹಿಂದೆ ತಿರುಗಿ, ವೇದಿಕೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಒಂದು ಮನುಷ್ಯಾಕೃತಿ ಬರೆದು, ನಡುವೆ ಕೆಳಗೆ ಒಂದು ದೊಡ್ಡ ವೃತ್ತ ಎಳೆದರು. "ಇಲ್ಲಿ. ಕೊನೇ ಸಾಲಿನವರಿಗೆ ಕಾಣಿಸ್ತಾ ಇದೆಯಾ?"

ಕೊನೆಯ ಸಾಲಿನವರಿಗೆ ಚೆನ್ನಾಗಿ ಕಾಣಿಸುತ್ತಿತ್ತು. ಮೇಸ್ತ್ರಿಗಳು ಎದ್ದು ಓಡಬೇಕೆಂದುಕೊಂಡರು, ಕಾಲು ಏಳಲಿಲ್ಲ. ಇಷ್ಟು ದಿನ ಕೂರಲಾಗದೆ ಒದ್ದಾಡಿದವರು ಈಗ ಏಳಲಾಗದೆ ಕೂತರು. ಮೇಡಂ ಪುಸ್ತಕ, ಅಂಕ, ಮೂರು ಮಾತ್ರೆ, ವ್ಯಾಯಾಮ ಎಲ್ಲವನ್ನೂ ಒಂದು ಹೆಜ್ಜೆ ಬಿಡದೆ, ಲೆಕ್ಕ ಬಿಡಿಸುವ ಕ್ರಮದಲ್ಲಿ ವಿವರಿಸಿದರು.

"ಏಳು ತಿಂಗಳು ಒಬ್ಬರೇ ನಿಂತುಕೊಂಡು ಅನುಭವಿಸಿದ್ರು. ನನಗೇ ಹೇಳಲಿಲ್ಲ. ಅದರಿಂದ ನನಗೆ ತುಂಬ ನೋವಾಯ್ತು. ಇವರ ಹಾಗೆ ಸುಮ್ಮನೆ ನಿಂತಿರೋರು ಇನ್ನೆಷ್ಟು ಜನ ಇದ್ದೀರೋ" ಎಂದು ಮೇಡಂ ಸಭಾಂಗಣದ ಹಿಂಭಾಗಕ್ಕೆ ಕಣ್ಣು ಹಾಯಿಸಿದರು.

ಅಲ್ಲಿ ಖಾಲಿ ಕುರ್ಚಿಗಳಿದ್ದರೂ ಹದಿನಾಲ್ಕು ಗಂಡಸರು ಗೋಡೆಗೆ ಒರಗಿ ನಿಂತಿದ್ದರು. ನಾನ್ನೂರು ತಲೆಗಳು ಆ ಕಡೆ ತಿರುಗಿದ ಕೂಡಲೇ ಹದಿನಾಲ್ಕೂ ಜನ ದಡಬಡನೆ ಕೂತರು. ಆರು ಎಣಿಸುವಷ್ಟರಲ್ಲಿ ಒಬ್ಬೊಬ್ಬರಾಗಿ ಮುಖ ಹಿಂಡಿಕೊಂಡು ಎದ್ದರು.

ಚಹಾದ ಹೊತ್ತಿಗೆ ಮುಖ್ಯೋಪಾಧ್ಯಾಯರು ಮೇಸ್ತ್ರಿಗಳನ್ನು ಪರದೆಯ ಹಿಂದಕ್ಕೆ ಎಳೆದರು. "ನನ್ನ ಸ್ನೇಹಿತರೊಬ್ಬರು ಇದಾರೆ, ಅವರಿಗೆ..." ಎಂದು ಪಿಸುಗುಟ್ಟಿದರು. ಅವರು ಮುಗಿಸುವಷ್ಟರಲ್ಲಿ ಡ್ರಿಲ್ ಮೇಷ್ಟರು ಬಂದರು; ಅವರ ಪಕ್ಕದ ಮನೆಯವರಿಗಂತೆ. ಹಿಂದೆಯೇ ಶಾಲೆಯ ಬಸ್ಸಿನ ಡ್ರೈವರು; ಅವರ ಭಾವನಿಗಂತೆ. ಪರದೆಯ ಹಿಂದೆ ನೂಕುನುಗ್ಗಲಾಯಿತು. ಮೇಡಂ ಬಂದು ಎರಡು ಸಲ ಚಪ್ಪಾಳೆ ತಟ್ಟಿದರು.

"ಗಲಾಟೆ ಬೇಡ! ಸಾಲಾಗಿ ನಿಂತ್ಕೊಳ್ಳಿ. ಸ್ನೇಹಿತರ ಪರವಾಗಿ ಬಂದವರು ಎಡಗಡೆ, ಸ್ವಂತಕ್ಕೆ ಬಂದವರು ಬಲಗಡೆ."

ಎಡಗಡೆ ಸಾಲು ಬಾಗಿಲು ದಾಟಿ ಅಂಗಳಕ್ಕೆ ಹೋಯಿತು. ಬಲಗಡೆ ಒಂದು ನರಪಿಳ್ಳೆಯೂ ಇಲ್ಲ. ಮೇಡಂ ಕೈಕಟ್ಟಿ ಕಾದರು. ಸ್ವಲ್ಪ ಹೊತ್ತಿನ ಮೇಲೆ ಮುಖ್ಯೋಪಾಧ್ಯಾಯರು ಕೆಮ್ಮಿ, ನೆಲ ನೋಡಿಕೊಂಡು, ಬಲಕ್ಕೆ ಸರಿದರು. ಅವರ ಹಿಂದೆ ಡ್ರಿಲ್ ಮೇಷ್ಟರು. ಆಮೇಲೆ ಎಡಗಡೆ ಯಾರೂ ಉಳಿಯಲಿಲ್ಲ.

"ಮಾತ್ರೆ ಹೆಸರು ಕೇಳಬೇಡಿ, ನನಗೆ ಹಿಡಿದಿದ್ದು ನಿಮಗೆ ಹಿಡೀಬೇಕು ಅಂತಿಲ್ಲ. ಡಾಕ್ಟರ ವಿಳಾಸ ಕೊಡ್ತೀನಿ, ಅಲ್ಲಿ ಹೋಗಿ ಬಾಯಿಬಿಟ್ಟು ಹೇಳಿ" ಎಂದು ಮೇಸ್ತ್ರಿಗಳು ಮೊದಲನೆಯವರಿಗೆ ಹೇಳಿದರು. ಎರಡನೆಯವರಿಗೂ ಅದನ್ನೇ. ಹೇಳುತ್ತ ಹೇಳುತ್ತ ನಾಚಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಹನ್ನೊಂದನೆಯವರ ಹೊತ್ತಿಗೆ ಕರಿಹಲಗೆಯ ಮೇಲಿನ ವೃತ್ತವನ್ನು ತಾವೇ ಕೈ ಮಾಡಿ ತೋರಿಸುತ್ತಿದ್ದರು. ಆದರೆ ಗಂಟೆ ಒಂದಾಯಿತು, ಒಂದೂವರೆಯಾಯಿತು, ಸಾಲು ಕರಗಲಿಲ್ಲ. ವೇದಿಕೆಯ ಮೇಲೆ ಅವರ ಬೆತ್ತದ ಕುರ್ಚಿಯಲ್ಲಿ ಮೇಡಂ ಕಾಲು ಚಾಚಿ ಕೂತು ಚಹಾ ಕುಡಿಯುತ್ತಿದ್ದರು.

"ಲೇ, ನಾನೂ ಒಂದು ಗಳಿಗೆ ಕೂತ್ಕೊಳ್ಳಾ?" ಎಂದು ಮೇಸ್ತ್ರಿಗಳು ಸೋತು ಕೇಳಿದರು. "ಈಗ ಕೂರೋಕೆ ಬರುತ್ತೆ ಕಣೇ."

"ಇನ್ನೂ ಇಪ್ಪತ್ತಮೂರು ಜನ ಇದ್ದಾರೆ ರೀ" ಎಂದರು ಮೇಡಂ, ಸಾಲನ್ನು ಎಣಿಸಿ. "ಅವರು ಎಷ್ಟು ತಿಂಗಳಿಂದ ನಿಂತಿದ್ದಾರೋ ಪಾಪ, ನೀವೂ ಸ್ವಲ್ಪ ನಿಂತ್ಕೊಳ್ಳಿ."